ಅನುಸೂಯಮ್ಮನ ಭಟ್ಟಿಯಲ್ಲಿ ಬೆಂದ ಹೆಡ್‌ಲೈಟು

ಚಂದಾಪುರದ ಅನುಸೂಯಮ್ಮನಿಗೆ ದೇವರು ಆಸ್ತಿ ಕೊಡಲಿಲ್ಲ, ರೂಪ ಕೊಡಲಿಲ್ಲ, ಒಂದು ಮೂಗು ಕೊಟ್ಟ. ಅದೇನು ವರವೋ ಶಾಪವೋ ಆಕೆಗೇ ತಿಳಿಯದು. ಮದುವೆ ಮನೆಗೆ ಹೋದರೆ ಚಪ್ಪರದ ಹೊರಗೇ ನಿಂತು, ವಡೆ ಕರಿದ ಎಣ್ಣೆ ನಿನ್ನೆಯದು ಎಂದು ಹೇಳಿಬಿಡುತ್ತಿದ್ದಳು. ಹೇಳಿದ ಮೇಲೆ ಎಲೆ ಮುಂದೆ ಕೂರುತ್ತಿರಲಿಲ್ಲ. ಬಸ್ಸು ಹತ್ತಿದರೆ ಸೆರಗಿನ ತುದಿ ಮೂಗಿನ ಮೇಲೆ, ನೆಂಟರ ಮನೆಯಲ್ಲಿ ಲೋಟ ಕೈಗೆ ಬಂದರೆ ಮೊದಲು ಮೂಗಿನ ಹತ್ತಿರ, ಆಮೇಲೆ ಬಾಯಿಗೆ. ಈ ಹೆಂಗಸಿಗೆ ಕೊಬ್ಬು ಎಂದು ನೆಂಟರು ಆಡಿಕೊಂಡರು. ಆಡಿಕೊಂಡವರ ಬಾಯಿಯ ವಾಸನೆಯೂ ಆಕೆಗೆ ಗೊತ್ತಿತ್ತು.

ಇಂಥವಳನ್ನು ತಂದು ಕಟ್ಟಿದ್ದು ಚಿಕ್ಕಬೈರಪ್ಪನಿಗೆ. ಆತ ನಸ್ಯದ ಮನುಷ್ಯ. ಬೆಳಿಗ್ಗೆ ಎದ್ದು ಕಣ್ಣು ಬಿಡುವ ಮೊದಲೇ ಚಿಟಿಕೆ ನಸ್ಯ ಏರಿಸಿ, ಮನೆ ನಡುಗುವಂತೆ ಸೀನಿ, ಕಂದು ಬಣ್ಣಕ್ಕೆ ತಿರುಗಿದ ಕರ್ಚೀಫಿನಲ್ಲಿ ಒರೆಸಿಕೊಂಡರೆ ಆತನಿಗೆ ದಿನ ಶುರು. ಆ ಕರ್ಚೀಫನ್ನು ಅನುಸೂಯಮ್ಮ ಒಂದು ದಿನವೂ ಕೈಯಲ್ಲಿ ಮುಟ್ಟಲಿಲ್ಲ. ಕಡ್ಡಿಯ ತುದಿಯಲ್ಲಿ ಎತ್ತಿ ಕುದಿಯುವ ನೀರಿಗೆ ಹಾಕಿ, ಆ ಕಡ್ಡಿಯನ್ನೂ ಒಲೆಗೆ ಹಾಕುತ್ತಿದ್ದಳು. ಮದುವೆಯಾದ ಹೊಸದರಲ್ಲಿ ವಾಕರಿಕೆ ಬರುತ್ತಿತ್ತು, ಆಮೇಲೆ ಅದು ಬರೀ ಹೇಸಿಗೆಯಾಗಿ ಉಳಿಯಿತು. ಹೇಸಿಗೆಯ ಜೊತೆ ಸಂಸಾರ ಮಾಡುವುದನ್ನು ಆಕೆ ಕಲಿತಳು, ಮಗಳೊಬ್ಬಳು ಹುಟ್ಟಿದಳು, ಬೇಕರಿಯೂ ಶುರುವಾಯಿತು.

ಬೇಕರಿ ಶುರುಮಾಡಿದ್ದು ಚಿಕ್ಕಬೈರಪ್ಪನ ಕೈ, ಅದನ್ನು ನೆಲೆ ನಿಲ್ಲಿಸಿದ್ದು ಆಕೆಯ ಮೂಗು. ಆತ ಹೊಸೂರು ರಸ್ತೆಯ ಹಳೆಯ ಬೇಕರಿಯೊಂದರಲ್ಲಿ ಹಿಟ್ಟು ನಾದಿ ಕೆಲಸ ಕಲಿತವನು, ಕೈ ಒಳ್ಳೆಯದು. ಆದರೆ ನಸ್ಯ ತಿಂದುಹಾಕಿದ ಮೂಗಿಗೆ ಹಳೆಯ ಡಾಲ್ಡಾ ಯಾವುದು, ಹೊಸದು ಯಾವುದು ಎಂದು ಎಲ್ಲಿ ತಿಳಿಯಬೇಕು? ಅನುಸೂಯಮ್ಮ ಹಿಂದೆ ನಿಂತು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು, ಮೂಸುತ್ತಿದ್ದಳು, ಬೇಡ ಎಂದರೆ ಅದು ತಿಪ್ಪೆಗೆ. ಕೊಳೆತ ಮೊಟ್ಟೆಯನ್ನು ಒಡೆಯದೆಯೇ ಬೇರೆ ಇಡುತ್ತಿದ್ದಳು. ಚಂದಾಪುರದಲ್ಲಿ ಬ್ರೆಡ್ಡು ಎಲ್ಲಿ ಬೇಕಾದರೂ ಸಿಗುತ್ತಿತ್ತು, ಹಾಲಲ್ಲಿ ಅದ್ದಿ ಕಾಯಿಲೆಯವರಿಗೆ ಕೊಡಲು ಮಾತ್ರ ಜನ ಅನುಸೂಯಮ್ಮನ ಬೇಕರಿಗೇ ಬರುತ್ತಿದ್ದರು.

ಅಲ್ಲಿದ್ದದ್ದು ಸೌದೆಯ ಭಟ್ಟಿ. ಇಟ್ಟಿಗೆಯ ಗುಮ್ಮಟ, ಒಳಗೆ ನೆಲಕ್ಕೆ ಹಾಸಿದ ಕಲ್ಲು, ಮುಂದೆ ಕಬ್ಬಿಣದ ಬಾಗಿಲು. ಆ ಭಟ್ಟಿಗೆ ತಿನ್ನುವ ಪದಾರ್ಥ ಬಿಟ್ಟು ಬೇರೆ ಏನೂ ಹೋಗಕೂಡದು ಎನ್ನುವುದು ಆಕೆ ಹಾಕಿದ ಕಟ್ಟು. ಮಳೆಗಾಲದಲ್ಲಿ ಒಬ್ಬ ಪುಣ್ಯಾತ್ಮ ಮಗನ ಸ್ಕೂಲ್ ಬೂಟು ತಂದು, ಒಂದು ಗಳಿಗೆ ಇಟ್ಟು ಒಣಗಿಸಿಕೊಡಿ ಎಂದಿದ್ದ. ಆತನನ್ನು ಬಾಗಿಲಾಚೆಗೆ ಓಡಿಸಿ, ನಿಂತಿದ್ದ ಜಾಗವನ್ನು ತೊಳೆಸಿದಳು. ಗಣೇಶನ ಹಬ್ಬಕ್ಕೆ ಮೂರ್ತಿ ಮಾಡುವವನು ಒದ್ದೆ ಮಣ್ಣಿನ ಗಣಪತಿ ಹಿಡಿದು ಬಂದಾಗಲೂ ಕೈಮುಗಿದು ವಾಪಸ್ಸು ಕಳಿಸಿದಳು. ಗಣಪತಿಗೇ ಆಗುವುದಿಲ್ಲ ಎಂದವಳು ಇನ್ಯಾರಿಗೆ ಹೂಂ ಎಂದಾಳು ಎಂದು ಊರು ನಕ್ಕಿತು.

ನಗುವವರಿಗೇನು ಗೊತ್ತು? ಊರು ಬೆಳೆದ ಹಾಗೆಲ್ಲ ಊರಿನ ವಾಸನೆಯೂ ಬೆಳೆಯಿತು. ಫ್ಯಾಕ್ಟರಿಗೆ ಜನ ಬಂದರು, ಜನಕ್ಕೆ ರೂಮು ಬಂದವು, ರೂಮುಗಳ ಕೊಳಚೆಯೆಲ್ಲ ತೆರೆದ ಚರಂಡಿಗೆ ಬಂತು. ಕೋಳಿ ಅಂಗಡಿಯವನು ರೆಕ್ಕೆ ಪುಕ್ಕ ಕರುಳನ್ನು ರಾತ್ರಿ ತಂದು ಖಾಲಿ ಸೈಟಿಗೆ ಸುರಿದ. ಲಾರಿಗಳ ಹೊಗೆ, ರಸ್ತೆಯ ಡಾಂಬರು, ಹೊಸ ಅಪಾರ್ಟ್‌ಮೆಂಟಿನ ಪೇಂಟು. ಈ ಹೊಲಸಿನ ನಡುವೆ ಮಧ್ಯಾಹ್ನ ಬನ್ನು ಬೇಯುವ ಹೊತ್ತಿಗೆ ಭಟ್ಟಿಯ ಮುಂದೆ ನಿಂತರೆ ಮಾತ್ರ ಅನುಸೂಯಮ್ಮ ತುಂಬು ಉಸಿರು ಎಳೆದುಕೊಳ್ಳುತ್ತಿದ್ದಳು. ಅದೊಂದೇ ಆಕೆಗೆ ಈ ಲೋಕದಲ್ಲಿ ಹೇಸಿಗೆ ಹುಟ್ಟಿಸದ ಜಾಗ.

ಮಗಳು ಗೌರಿಗೆ ತಾಯಿಯ ಮೂಗೇ ಬಂದಿತ್ತು. ಚಿಕ್ಕವಳಿದ್ದಾಗ ಕಣ್ಣು ಮುಚ್ಚಿಸಿ ಡಬ್ಬಿ ಹಿಡಿದರೆ ಇದು ಏಲಕ್ಕಿ, ಇದು ಹಳೇ ಏಲಕ್ಕಿ ಎಂದು ಬಿಡಿಸಿ ಹೇಳುತ್ತಿದ್ದಳು. ನನ್ನ ನಂತರ ಭಟ್ಟಿಯ ಮುಂದೆ ನಿಲ್ಲಲು ಒಬ್ಬಳಿದ್ದಾಳೆ ಎಂದು ಅನುಸೂಯಮ್ಮ ಒಳಗೊಳಗೇ ಬೀಗುತ್ತಿದ್ದಳು. ಬೀಗಿದ್ದು ಅಲ್ಲಿಗೇ ನಿಂತಿತು. ಗೌರಿಯನ್ನು ಅಂಜನ್ ಎಂಬುವನಿಗೆ ಕೊಟ್ಟು ಮದುವೆಯಾಯಿತು.

ಅಂಜನ್ ಬೊಮ್ಮಸಂದ್ರದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಕುಡಿಯುವುದಿಲ್ಲ, ಇಸ್ಪೀಟಿಲ್ಲ, ಹೆಂಡತಿಯ ಮೇಲೆ ಕೈ ಮಾಡುವುದಿಲ್ಲ. ಎಲ್ಲರೂ ಒಳ್ಳೆಯ ಹುಡುಗ ಎನ್ನುವವರೇ. ಅನುಸೂಯಮ್ಮನ ಸೆರಗು ಮಾತ್ರ ಆತ ಬಂದರೆ ಮೂಗಿಗೆ ಹೋಗುತ್ತಿತ್ತು. ಕಂಕುಳಿಗೆ ಹೊಡೆದುಕೊಂಡ ಸ್ಪ್ರೇ ಆತನಿಗಿಂತ ಮುಂಚೆ ಬೇಕರಿಯೊಳಗೆ ಬರುತ್ತಿತ್ತು. ಆಕೆ ಓಡಿಹೋಗಿ ಬ್ರೆಡ್ಡಿನ ಟ್ರೇಗಳಿಗೆ ಬಟ್ಟೆ ಮುಚ್ಚುತ್ತಿದ್ದಳು. ಗಿರಾಕಿಗಳ ಎದುರಿಗೇ ಕುರ್ಚಿಯ ಮೇಲೆ ಕಾಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದ, ಕತ್ತರಿಸಿದ್ದು ಎಲ್ಲಿ ಹಾರಿತು ಎಂದು ನೋಡುತ್ತಿರಲಿಲ್ಲ. ಆದರೆ ಅಳಿಯ. ಅಳಿಯನಿಗೆ ಏನೆಂದು ಹೇಳುವುದು? ಅವರ ಕಡೆ ಅಳಿಯನ ಎದುರು ಅತ್ತೆ ದನಿ ಎತ್ತುವ ಪದ್ಧತಿಯಿಲ್ಲ. ಬಂದರೆ ಕಾಫಿ ಕೊಡಬೇಕು, ಹೋಗುವಾಗ ಇನ್ನೊಮ್ಮೆ ಬನ್ನಿ ಎನ್ನಬೇಕು. ಮಿಕ್ಕ ಮಾತೆಲ್ಲ ಗಂಡನ ಮೂಲಕ.

ಮದುವೆಯಾದ ಮೇಲೆ ಅಂಜನ್ ಒಂದು ಹಳೆಯ ಸ್ವಿಫ್ಟ್ ಕಾರು ತೆಗೆದುಕೊಂಡ. ತೆಗೆದುಕೊಂಡ ದಿನದಿಂದ ಅದರ ಹೆಡ್‌ಲೈಟು ಆತನ ಕಣ್ಣಿಗೆ ಚುಚ್ಚತೊಡಗಿತು. ದೊಡ್ಡ ಕಾರುಗಳಿಗೆ ಇರುತ್ತದಲ್ಲ, ಒಳಗೆ ಗುಂಡನೆಯ ಗಾಜಿನ ಉಂಡೆ, ಸುತ್ತ ಬೆಳ್ಳಗೆ ಹೊಳೆಯುವ ಬಳೆ, ಅಂಥದ್ದು ಬೇಕು. ಅಂಗಡಿಯಲ್ಲಿ ರೆಡಿಮೇಡ್ ತಗೊಳ್ಳುವ ತಾಕತ್ತಿಲ್ಲ. ಕಂಪ್ಯೂಟರಿನಲ್ಲಿ ವಿಡಿಯೋ ನೋಡಿ ಮನೆಯಲ್ಲೇ ಮಾಡುತ್ತೇನೆ ಎಂದು ಹೊರಟ. ಗುಜರಿಯಿಂದ ಯಾವುದೋ ಅಪಘಾತದ ಕಾರಿನ ಗಾಜಿನ ಉಂಡೆ ತಂದ, ಬಳೆಗೆ ಎಲ್‌ಇಡಿ ಪಟ್ಟಿ ತಂದ, ಕಪ್ಪು ಪೇಂಟು, ಎಂ-ಸೀಲು ತಂದ. ಹೆಡ್‌ಲೈಟಿನ ಮುಂದಿನ ಪಾರದರ್ಶಕ ಮುಚ್ಚಳವನ್ನು ಹಿಂದಿನ ಡಬ್ಬಕ್ಕೆ ಕಪ್ಪು ಗೋಂದಿನಿಂದ ಅಂಟಿಸಿರುತ್ತಾರೆ. ಅದನ್ನು ಹದವಾಗಿ ಬಿಸಿ ಮಾಡಿದರೆ ಗೋಂದು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಒಳಗೆ ಬೇಕಾದ್ದು ಕೂರಿಸಿ, ಮತ್ತೆ ಬಿಸಿ ಮಾಡಿ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ವಿಡಿಯೋದಲ್ಲಿ ಬಿಳಿಯ ದೊರೆಯೊಬ್ಬ ಅದನ್ನು ಅಡುಗೆಮನೆಯ ಓವನ್ನಿನಲ್ಲಿಟ್ಟು ಬೇಯಿಸುತ್ತಿದ್ದ. ಗೌರಿಯ ಅಡುಗೆಮನೆಯಲ್ಲಿ ಓವನ್ನೆಲ್ಲಿ ಬರಬೇಕು?

ಮೊದಲು ಹೆಂಡತಿಯ ಹೇರ್ ಡ್ರೈಯರ್ ಸುಟ್ಟ. ಆಮೇಲೆ ಇಡ್ಲಿ ಪಾತ್ರೆಯಲ್ಲಿ ಹೆಡ್‌ಲೈಟನ್ನು ಹಬೆಗಿಟ್ಟ. ಗೋಂದು ಬಿಡಲಿಲ್ಲ, ಒಳಗೆಲ್ಲ ನೀರು ಕೂತಿತು, ಪಾತ್ರೆಗೆ ಟಯರು ಬೆಂದ ವಾಸನೆ ಹಿಡಿಯಿತು. ಗೌರಿ ಫೋನ್ ಮಾಡಿ, ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿಲ್ಲ, ಇವತ್ತು ಇಡ್ಲಿ ಬಾಯಿಗಿಡಲು ಆಗಲಿಲ್ಲ ಎಂದು ಅತ್ತಳು. ಆ ಪಾತ್ರೆ ಬಿಸಾಕು ಎಂದಳು ಅನುಸೂಯಮ್ಮ. ಗಂಡನನ್ನು ಏನು ಮಾಡಲಿ ಎಂದು ಮಗಳು ಕೇಳಲಿಲ್ಲ, ತಾಯಿ ಹೇಳಲಿಲ್ಲ.

ಅಂಜನ್‌ಗೆ ಅತ್ತೆಯ ಭಟ್ಟಿ ನೆನಪಾದದ್ದು ಆಗ. ಭಾನುವಾರ ಬಂದವನು ಕಾಫಿ ಕುಡಿಯುತ್ತ ಮಾವನಲ್ಲಿ ವಿಷಯ ಎತ್ತಿದ. ಬೆಳಗಿನ ಬ್ರೆಡ್ಡು ಇಳಿದ ಮೇಲೆ ಭಟ್ಟಿಯಲ್ಲಿ ಉಳಿಯುವ ಕಾವು ಸಾಕಂತೆ, ಒಂದು ಹತ್ತು ನಿಮಿಷದ ಕೆಲಸವಂತೆ. ಒಳಗಿದ್ದ ಅನುಸೂಯಮ್ಮ ಭಟ್ಟಿಯಿಂದ ಬ್ರೆಡ್ಡು ಎಳೆಯುವ ಉದ್ದ ಹಿಡಿಯ ಹಲಗೆಯನ್ನು ಗೋಡೆಗೆ ಒರಗಿಸಿ, ಗಂಡನ ಕಡೆ ಮುಖ ಮಾಡಿ, ಅಳಿಯನಿಗೆ ಕೇಳುವಂತೆ ಹೇಳಿದಳು.

"ಆ ಭಟ್ಟೀಗೆ ತಿನ್ನೋದು ಬಿಟ್ಟು ಇನ್ನೊಂದು ಹೋಗಲ್ಲ ಅಂತ ಅವರಿಗೆ ಹೇಳ್ಬಿಡಿ."

ಅಂಜನ್ ನಕ್ಕ. ಬೇಸರ ಮಾಡಿಕೊಳ್ಳುವ ಜಾತಿಯಲ್ಲ ಅದು, ಅದೇ ಆಕೆಗೆ ಇನ್ನೂ ಅಸಹ್ಯ. ನಗುತ್ತಲೇ ಇನ್ನೊಂದು ಮಾತು ತೆಗೆದ. ಆಯುಧಪೂಜೆಗೆ ಫ್ಯಾಕ್ಟರಿಯಲ್ಲಿ ಎಲ್ಲ ಕಾರ್ಮಿಕರಿಗೂ ಸಿಹಿ ಬನ್ನು ಹಂಚುತ್ತಾರೆ, ಕ್ಯಾಂಟೀನ್ ಮ್ಯಾನೇಜರಿಗೆ ನಿಮ್ಮ ಬೇಕರಿ ಹೆಸರು ಹೇಳಿದ್ದೇನೆ, ಒಪ್ಪಿಕೊಂಡಿದ್ದಾರೆ ಎಂದ. ಚಿಕ್ಕಬೈರಪ್ಪ ಖುಷಿಗೆ ಇನ್ನೊಂದು ಚಿಟಿಕೆ ನಸ್ಯ ಏರಿಸಿದ. ಅನುಸೂಯಮ್ಮನಿಗೂ ಸಂತೋಷವಾಗದೆ ಇರಲಿಲ್ಲ. ಅಷ್ಟು ಜನ ಒಂದೇ ದಿನ ತನ್ನ ಭಟ್ಟಿಯ ಬನ್ನು ತಿನ್ನುತ್ತಾರೆ ಎಂಬುದು ಸಣ್ಣ ಮಾತಲ್ಲ. ಸಂತೋಷವೂ ಈ ಮನುಷ್ಯನ ಕೈಯಿಂದಲೇ ಬರಬೇಕಾಯಿತಲ್ಲ ಎಂದು ಸಿಡುಕಿದಳು, ಅಷ್ಟೆ.

ಫ್ಯಾಕ್ಟರಿಯಲ್ಲಿ ಪೂಜೆ ಹಬ್ಬದ ಹಿಂದಿನ ದಿನ. ಅದರ ಹಿಂದಿನ ದಿನ ಬೆಳಗಿನಿಂದ ಬೇಕರಿಯಲ್ಲಿ ಹಿಟ್ಟು ನಾದುವುದೇ ನಾದುವುದು. ಭಟ್ಟಿಯ ಕೆಲಸ ನೋಡುತ್ತಿದ್ದವನು ಮುದಕಪ್ಪ, ಬಾದಾಮಿ ಕಡೆಯವನು, ಸೌದೆ ಹಾಕಿ ಕಾವು ಹದ ಮಾಡುವುದರಲ್ಲಿ ಪಳಗಿದವನು. ಬನ್ನು ಕಟ್ಟಿ, ಮೇಲೆ ಕೆಂಪು ಹಸಿರು ಟೂಟಿ ಫ್ರೂಟಿ ಚುಚ್ಚಿ, ಉಬ್ಬಲು ಟ್ರೇಗಳಲ್ಲಿ ಇಟ್ಟಾಯಿತು. ಸಂಜೆಗೆ ಭಟ್ಟಿ ಕಾಯಿಸಿ ಬೇಯಿಸಬೇಕು. ನಡುವೆ ಅತ್ತಿಬೆಲೆಯಲ್ಲಿ ತಂಗಿಯ ಸೊಸೆಯ ಸೀಮಂತ. ಹೋಗದಿದ್ದರೆ ಜೀವಮಾನವಿಡೀ ಹೇಳುತ್ತಾರೆ. ಅನುಸೂಯಮ್ಮ ಹೋದಳು, ಮಡಿಲಕ್ಕಿ ಹಾಕಿದಳು, ಊಟದ ಎಲೆಯನ್ನು ಮೂಸಿ ಎದ್ದಳು, ಬಸ್ಸು ಹತ್ತಿ ವಾಪಸ್ಸು ಬಂದಳು.

ಬಸ್ಸಿನಿಂದ ಇಳಿದವಳಿಗೆ ರಸ್ತೆಯ ಮೂಲೆಯಲ್ಲೇ ಗೊತ್ತಾಯಿತು. ಚರಂಡಿ ಅಲ್ಲ, ಲಾರಿ ಅಲ್ಲ. ಮಗಳ ಇಡ್ಲಿ ಪಾತ್ರೆಯ ವಿಷಯ ಫೋನಿನಲ್ಲಿ ಕೇಳಿದಾಗ ಮನಸ್ಸಿನಲ್ಲೇ ಯಾವ ವಾಸನೆ ಬಂದಿತ್ತೋ ಅದೇ, ಈಗ ನಿಜವಾಗಿ, ತನ್ನ ಬೇಕರಿಯ ಚಿಮಣಿಯಿಂದ.

ಒಳಗೆ ಹಿಟ್ಟು ನಾದುವ ಮೇಜಿನ ಮೇಲೆ ಹಳೆಯ ಪೇಪರು ಹರಡಿಕೊಂಡು ಅಂಜನ್ ಕೂತಿದ್ದ. ಅದಾಗಲೇ ಎರಡು ಹೆಡ್‌ಲೈಟನ್ನೂ ಭಟ್ಟಿಗಿಟ್ಟು ಬಿಚ್ಚಿ, ಉಂಡೆ ಬಳೆ ಕೂರಿಸಿ, ಮುಚ್ಚಲು ಮತ್ತೆ ಭಟ್ಟಿಗಿಟ್ಟು ತೆಗೆದಿದ್ದ. ಎರಡನೇ ಸಲ ಒಂದರ ಮೂಲೆ ಕರಗಿ ಕಲ್ಲಿನ ಮೇಲೆ ಸೋರಿತ್ತು. ಆತನ ಮೊಣಕೈ ಪಕ್ಕದಲ್ಲೇ ಟೂಟಿ ಫ್ರೂಟಿಯ ಬೋಗುಣಿ, ಅದರ ಪಕ್ಕ ಸ್ಕ್ರೂಡ್ರೈವರು, ಅದರ ಪಕ್ಕ ಉಬ್ಬುತ್ತಿರುವ ಬನ್ನು. ಮುದಕಪ್ಪ ಭಟ್ಟಿಯೊಳಗೆ ತಲೆ ತೂರಿಸಿ ಕಬ್ಬಿಣದ ಪಟ್ಟಿಯಿಂದ ಕಲ್ಲನ್ನು ಕೆರೆಯುತ್ತಿದ್ದ. ಆಕೆಯನ್ನು ನೋಡಿ ಹೊರಗೆ ಬಂದ.

"ನಾ ಬ್ಯಾಡ ಅಂದೆ ರೀ ಅವ್ವಾರ. ಯಜಮಾನ್ರು, ‘ಅಳಿಯಂದಿರು ಅದಾರ, ಸುಮ್ನಿರು’ ಅಂದ್ರು."

ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕರ್ಚೀಫಿನಲ್ಲಿ ಮುಖ ಹುದುಗಿಸಿಕೊಂಡಿದ್ದರು. ಅನುಸೂಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಂಜನ್ ಎದ್ದು ನಿಂತು ಹೆಡ್‌ಲೈಟನ್ನು ಎತ್ತಿ ಹಿಡಿದು ಹೇಗಿದೆ ಅತ್ತೆ ಎಂದು ಕೇಳಿದ. ಆಕೆ ಅಡುಗೆಮನೆಗೆ ಹೋಗಿ, ಹಾಲು ಕಾಯಿಸಿ, ಆತನಿಗೆ ಕಾಫಿ ತಂದು ಕೊಟ್ಟಳು. ಆ ಲೋಟ ಕೊಡುವಾಗ ತನ್ನ ಕೈಯ ಮೇಲೇ ಆಕೆಗೆ ಹೇಸಿಗೆಯಾಯಿತು.

ಆತ ಹೋದ ಮೇಲೆ ಮೇಜನ್ನು ಸೋಡದ ಪುಡಿ ಹಾಕಿ ಬಿಸಿನೀರಿನಲ್ಲಿ ತೊಳೆಸಿದಳು. ಭಟ್ಟಿಗೆ ಬೇವಿನ ಸೌದೆ ಹಾಕಿಸಿ, ಕಲ್ಲು ಬೆಳ್ಳಗಾಗುವಷ್ಟು ಉರಿಸಿದಳು. ಒದ್ದೆ ಗೋಣಿಯಿಂದ ಒರೆಸಿ, ತೆಂಗಿನ ಸಿಪ್ಪೆ ಹಾಕಿ ಮತ್ತೆ ಉರಿಸಿದಳು. ಕಲ್ಲಿನ ಮೇಲೆ ಅಂಗೈಯಗಲದ ಕಪ್ಪು ಮಚ್ಚೆ ಹೋಗಲಿಲ್ಲ, ಒಳಗಿಳಿದಿತ್ತು. ಬನ್ನು ಇನ್ನು ಕಾಯುವ ಹಾಗಿರಲಿಲ್ಲ, ಉಬ್ಬಿ ಅಂಚು ದಾಟುತ್ತಿತ್ತು. ಒಂದು ಟ್ರೇ ಹಾಕಿ ತೆಗೆಸಿದಳು, ಒಂದು ಬನ್ನು ಮುರಿದು ಮೂಗಿಗೆ ಹಿಡಿದಳು. ಬೆಣ್ಣೆ, ಸಕ್ಕರೆ, ಹಿಟ್ಟಿನ ಕೆಳಗೆ ಅದು ಇತ್ತು. ಸಣ್ಣಗೆ, ಆದರೆ ಇತ್ತು.

ಚಿಕ್ಕಬೈರಪ್ಪ ಮೂಸಿದ, ತಿಂದ, ಚೆನ್ನಾಗಿದೆ ಎಂದ. ಅವನನ್ನು ಕೇಳಿದ್ದೇ ತಪ್ಪು. ಮುದಕಪ್ಪ ಒಂದನ್ನು ಪೂರ್ತಿ ತಿಂದು, ಏನೂ ವಾಸನಿ ಬರೂದಿಲ್ಲ ಎಂದ. ಅದು ನಿಜವೋ ಆಕೆಯ ಮುಖ ನೋಡಿ ಹೇಳಿದ್ದೋ ತಿಳಿಯಲಿಲ್ಲ. ಹಬ್ಬದ ಹೊತ್ತಿನಲ್ಲಿ ಇನ್ನೊಬ್ಬರ ಭಟ್ಟಿ ಖಾಲಿ ಸಿಗುವುದಿಲ್ಲ. ಬೆಳಗಾದರೆ ಕ್ಯಾಂಟೀನಿನ ವ್ಯಾನು ಬಾಗಿಲಿಗೆ ಬರುತ್ತದೆ. ಕೊಡದಿದ್ದರೆ ಅಳಿಯಂದಿರ ಮಾನ ಏನಾಗಬೇಕು, ನಿನಗೊಬ್ಬಳಿಗೆ ಬರುವ ವಾಸನೆಗೆ ಊರೆಲ್ಲ ಯಾಕೆ ಉಪವಾಸ ಬೀಳಬೇಕು ಎಂದು ಗಂಡ ಗೊಣಗಿದ. ಹಳಸಿದ ಎಣ್ಣೆಯ ವಡೆಗೆ ಹೆದರಿ ಎಲೆಯ ಮುಂದೆಯೇ ಕೂರದವಳು ಅಂದು ತನ್ನ ಬನ್ನಿಗೆ ತಾನೇ ಸೋತಳು. ಎಲ್ಲವನ್ನೂ ಬೇಯಿಸು ಎಂದು ಮುದಕಪ್ಪನಿಗೆ ಹೇಳಿ, ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಬನ್ನು ಹೋಯಿತು. ಮರುದಿನ ಮಧ್ಯಾಹ್ನ ಫೋನ್ ಬಂತು. ಕ್ಯಾಂಟೀನ್ ಮ್ಯಾನೇಜರು. ಬಯ್ಯಲಿ ಎಂದು ಆಕೆ ನಿಂತಲ್ಲೇ ಕಾದಳು. ಆತ ಬಯ್ಯಲಿಲ್ಲ, ಎಲ್ಲರೂ ಮೆಚ್ಚಿಕೊಂಡರು, ರಾಜ್ಯೋತ್ಸವಕ್ಕೂ ನೀವೇ ಕೊಡಿ ಎಂದ. ಬೇರೆ ಯಾರಿಗಾದರೂ ಆ ಮಾತು ಕೇಳಿ ಹೋದ ಜೀವ ಬರುತ್ತಿತ್ತು. ಅನುಸೂಯಮ್ಮನಿಗೆ ಭೂಮಿಯೇ ಹೊಲಸಾದಂತಾಯಿತು. ಅಷ್ಟು ಜನ ತಿಂದರು, ಒಬ್ಬನಿಗೂ ತಿಳಿಯಲಿಲ್ಲ. ಹಾಗಾದರೆ ಇಷ್ಟು ವರ್ಷ ಯಾರಿಗಾಗಿ ಡಬ್ಬಿ ಡಬ್ಬಿ ಮೂಸಿದ್ದು? ಇವರಿಗೆ ಪ್ಲಾಸ್ಟಿಕ್ ತಿನ್ನಿಸಿದರೂ ಬಾಯಿ ಚಪ್ಪರಿಸುತ್ತಾರೆ. ತಿನ್ನಿಸಿದ್ದು ಬೇರೆ ಯಾರೂ ಅಲ್ಲ, ತಾನೇ. ಆ ದಿನ ಆಕೆ ಏನೂ ತಿನ್ನಲಿಲ್ಲ, ಏನು ಹಿಡಿದರೂ ಅದೇ ವಾಸನೆ.

ಆಯುಧಪೂಜೆಯ ದಿನ ಭಟ್ಟಿಗೆ ಬೆಂಕಿ ಹಾಕುವುದಿಲ್ಲ. ಮುದಕಪ್ಪ ಭಟ್ಟಿಯ ಬಾಗಿಲಿಗೆ ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಮುಂದೆ ಹಲಗೆ, ತಕ್ಕಡಿ, ಕೊಡಲಿ, ಹಾರೆ ಎಲ್ಲವನ್ನೂ ಸಾಲಾಗಿಟ್ಟ. ಅನುಸೂಯಮ್ಮ ಕರ್ಪೂರ ಬೆಳಗಿದಳು. ಕರ್ಪೂರದ ಹೊಗೆಯ ಹಿಂದಿನಿಂದಲೂ ಭಟ್ಟಿಯ ಬಾಯಿ ತನ್ನ ಹೊಸ ವಾಸನೆಯನ್ನು ಉಸಿರಾಡುತ್ತಿತ್ತು. ಆಕೆ ಕೈ ಮುಗಿದದ್ದು ಅಭ್ಯಾಸಕ್ಕೆ, ಅಷ್ಟೆ.

ಸಂಜೆ ಅಂಜನ್ ಕಾರು ತಂದ. ಗೌರಿ ಜೊತೆಗಿದ್ದಳು, ಹಿಂದೆ ಇನ್ನೊಂದು ಕಾರಿನಲ್ಲಿ ಆತನ ಫ್ಯಾಕ್ಟರಿಯ ಗೆಳೆಯರು. ಬೂದುಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟು ಹತ್ತಿಸಿದರು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಅಂಜನ್‌ಗೆ ಅದೇ ಬೇಕಿತ್ತು. ಅಕ್ಕಪಕ್ಕದವರೆಲ್ಲ ಸೇರಿದ ಮೇಲೆ ಸ್ವಿಚ್ಚು ಒತ್ತಿದ. ಬಿಳಿಯ ಬಳೆಗಳು ಹೊತ್ತಿಕೊಂಡವು, ಆಮೇಲೆ ಉಂಡೆಯಿಂದ ಬೆಳಕು ಹೊರಟು ಬೇಕರಿಯ ಸುಣ್ಣದ ಗೋಡೆಗೆ ಬಡಿಯಿತು. ಜನ ಓಹೋ ಎಂದರು. ಗೋಡೆಯ ಮೇಲೆ ಬಲಗಡೆ ಬೆಳಕು ಅಚ್ಚ ಬಿಳುಪು. ಎಡಗಡೆಯದರಲ್ಲಿ ಮಾತ್ರ ನಟ್ಟನಡುವೆ ತಟ್ಟೆಯಷ್ಟು ದೊಡ್ಡ ಕೆಂಪು ಕಲೆ.

ಒಬ್ಬ ಬಗ್ಗಿ ಹೆಡ್‌ಲೈಟಿನೊಳಗೆ ಇಣುಕಿದ. ಗಾಜಿನ ಉಂಡೆಯ ಹಿಂದೆ, ಬೆಳಕಿನ ದಾರಿಗೆ ಅಡ್ಡವಾಗಿ ಒಂದು ಟೂಟಿ ಫ್ರೂಟಿ ಅಂಟಿಕೊಂಡು ಕೆಂಪಗೆ ಹೊಳೆಯುತ್ತಿತ್ತು. ಕಾಳಿನಷ್ಟಿದ್ದದ್ದನ್ನು ಉಂಡೆ ದೊಡ್ಡದು ಮಾಡಿ ಗೋಡೆಗೆ ಎಸೆಯುತ್ತಿತ್ತು. ಪಕ್ಕದಲ್ಲಿ ಎರಡು ಇರುವೆ, ಅವು ಹೇಗೋ ದಾರಿ ಮಾಡಿಕೊಂಡು ಒಳಗೆ ಹೋಗಿದ್ದವು. ಅವೂ ಗೋಡೆಯ ಮೇಲೆ ದೊಡ್ಡದಾಗಿ ಹರಿದಾಡಿದವು. ನಗು ಎದ್ದಿತು. ಅಂಜನ್ ಎಲ್ಲರಿಗಿಂತ ಜೋರಾಗಿ ನಕ್ಕ. ನಾಚಿಕೆಯ ಮಾತೆಲ್ಲಿ? ಇದು ಬೆಂದದ್ದೇ ನಮ್ಮ ಅತ್ತೆಯ ಭಟ್ಟಿಯಲ್ಲಿ, ಫ್ಯಾಕ್ಟರಿಗೆ ಕೊಟ್ಟ ಬನ್ನಿನ ಜೊತೆಗೇ ಆಗಿದ್ದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಅನುಸೂಯಮ್ಮ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಎದುರಿಗಿದ್ದವರೆಲ್ಲ ಆ ಬನ್ನು ತಿಂದವರು, ಇಲ್ಲವೇ ದಿನಾ ಬ್ರೆಡ್ಡು ಒಯ್ಯುವವರು. ಈಗಲಾದರೂ ಒಬ್ಬ ಮುಖ ಸಿಂಡರಿಸುತ್ತಾನೆ, ಥೂ ಎನ್ನುತ್ತಾನೆ ಎಂದು ಕಾದಳು. ಥೂ ಎಂದಿದ್ದರೆ ಕಾಲಿಗೆ ಬೀಳುತ್ತಿದ್ದಳೇನೋ. ಗೆಳೆಯನೊಬ್ಬ ಚಿಕ್ಕಬೈರಪ್ಪನ ಹತ್ತಿರ ಬಂದು, ನನ್ನ ಕಾರಿನದ್ದನ್ನೂ ತರಬಹುದಾ ಎಂದು ಕೇಳಿದ. ಇನ್ನೊಬ್ಬ ತನ್ನದೂ ಇದೆ ಎಂದ. ಚಿಕ್ಕಬೈರಪ್ಪ ನಸ್ಯದ ಡಬ್ಬಿ ತಟ್ಟುತ್ತ, "ಅದಕ್ಕೇನಂತೆ, ಮಧ್ಯಾಹ್ನದ ಮೇಲೆ ಭಟ್ಟಿ ಖಾಲೀನೇ ಇರುತ್ತೆ, ತಗೊಂಬನ್ನಿ," ಎಂದ.

ಆಗ ಆಕೆಗೆ ಮಗಳ ಮುಖ ಕಂಡಿತು. ಗೌರಿ ನಗುತ್ತಿರಲಿಲ್ಲ. ತಾಯಿಯ ಹತ್ತಿರ ಬಂದು, ಗೋಡೆಯ ಮೇಲಿನ ಕೆಂಪು ಕಲೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು.

"ಇವರು ಫ್ಯಾಕ್ಟರಿಯಿಂದ ಬನ್ನು ತಂದ್ಕೊಟ್ರು ಅಮ್ಮ. ಮುರಿದ ತಕ್ಷಣ ವಾಸನೆ ಬಂತು. ನೀನು ಮೂಸದೆ ಕಳ್ಸಲ್ವಲ್ಲ, ನನ್ನ ಮೂಗೇ ಕೆಟ್ಟೋಗಿದೆ ಅಂದ್ಕೊಂಡು ಪೂರ್ತಿ ತಿಂದೆ."

ಇಡೀ ಊರು ಬಾಯಿ ಚಪ್ಪರಿಸಿದ್ದನ್ನು ಅನುಸೂಯಮ್ಮ ಹೇಗೋ ನುಂಗಿಕೊಂಡಿದ್ದಳು. ಇದನ್ನು ನುಂಗಲಾಗಲಿಲ್ಲ. ಲೋಕದಲ್ಲಿ ನೆಟ್ಟಗಿದ್ದ ಇನ್ನೊಂದು ಮೂಗು ತಾಯಿಯನ್ನು ನಂಬಿ ತನ್ನನ್ನೇ ಸುಳ್ಳು ಮಾಡಿಕೊಂಡಿತ್ತು. ಆಕೆ ಮಗಳ ಕೆನ್ನೆಯನ್ನು ಒಮ್ಮೆ ಮುಟ್ಟಿದಳು. "ನಿನ್ನ ಮೂಗು ಸರಿಯಾಗೇ ಇದೆ ಕಣೇ. ಕೆಟ್ಟಿದ್ದು ನಾನು," ಎಂದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಪೂಜೆಗಿಟ್ಟ ಸಾಲಿನಿಂದ ಹಾರೆಯನ್ನು ಎಳೆದುಕೊಂಡಳು. ಪೂಜೆ ಮಾಡಿದ ಆಯುಧವನ್ನು ಅಂದು ಕೆಲಸಕ್ಕೆ ಮುಟ್ಟಬಾರದು ಎಂದು ಮುದಕಪ್ಪ ಅಡ್ಡ ಬಂದ, ಆಕೆಯ ಕಣ್ಣು ನೋಡಿ ಪಕ್ಕಕ್ಕೆ ಸರಿದ. ಚೆಂಡುಹೂವಿನ ಹಾರವನ್ನು ಬಿಡಿಸಿ ಗೂಟಕ್ಕೆ ಹಾಕಿ, ಭಟ್ಟಿಯ ಬಾಗಿಲು ತೆಗೆದು, ಹಾರೆಯನ್ನು ಒಳಗೆ ತೂರಿಸಿ ಕಲ್ಲಿನ ಸಂದಿಗೆ ಹಾಕಿ ಮೀಟಿದಳು. ಮೊದಲ ಏಟಿಗೆ ಮಸಿ ಉದುರಿತು. ಎರಡನೆಯದಕ್ಕೆ ಕಲ್ಲು ಅಲುಗಾಡಿತು. ಚಿಕ್ಕಬೈರಪ್ಪ ಹುಚ್ಚು ಹಿಡಿಯಿತೇನೆ ನಿನಗೆ ಎನ್ನುತ್ತ ಓಡಿಬಂದ, ಮಸಿ ಮೂಗಿಗೆ ಹೋಗಿ ಸೀನುತ್ತ ನಿಂತ. ಹೊರಗೆ ನಗು ನಿಂತುಹೋಗಿತ್ತು. ಅಂಜನ್ ಬಾಗಿಲಿನಲ್ಲಿ ನಿಂತು, ಇದೇನು ಮಾಡುತ್ತಿದ್ದೀರಿ ಅತ್ತೆ ಎಂದು ಕೇಳಿದ.

ಅನುಸೂಯಮ್ಮ ಹಣೆಯ ಬೆವರನ್ನು ತೋಳಿನಲ್ಲಿ ಒರೆಸಿಕೊಂಡಳು. ಕರೆಂಟು ಬಂದಿರಲಿಲ್ಲ, ಭಟ್ಟಿಯೊಳಗೆ ಕಗ್ಗತ್ತಲು, ಕಪ್ಪು ಮಚ್ಚೆ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಮಗಳ ಮದುವೆಯಾದಂದಿನಿಂದ ಮೊದಲ ಬಾರಿಗೆ ಆಕೆ ಅಳಿಯನ ಮುಖ ನೋಡಿ, ನಡುವೆ ಗಂಡನಿಲ್ಲದೆ ಮಾತಾಡಿದಳು.

"ಆ ಲೈಟನ್ನ ಸ್ವಲ್ಪ ಈ ಕಡೆ ತಿರುಗ್ಸಿ. ಒಳಗೆ ಏನೂ ಕಾಣ್ತಾ ಇಲ್ಲ."

ಅಂಜನ್ ಹೋಗಿ ಕಾರು ತಿರುಗಿಸಿದ. ಬೆಳಕು ಬಾಗಿಲು ದಾಟಿ ಬಂದು ಭಟ್ಟಿಯ ಬಾಯಿಯ ಮೇಲೆ ಬಿತ್ತು, ಕೆಂಪು ಕಲೆಯೂ ಇರುವೆಗಳೂ ಜೊತೆಗೇ ಬಂದವು. ಗೌರಿ ಪೂಜೆಯ ಸಾಲಿನಿಂದ ಕೊಡಲಿಯನ್ನು ಎತ್ತಿಕೊಂಡು ತಾಯಿಯ ಪಕ್ಕಕ್ಕೆ ಬಂದು ನಿಂತಳು.